ನಿಮ್ಮ ಹಾರರ್ ಗೇಮ್‌ಗೆ ಇನ್ನೊಂದು ದೆವ್ವ ಬೇಡ

ನೀವು ಇಲ್ಲಿ ಹಾಕಿದ ಡೆಮೊ, ಅಂದರೆ ಗೇಮ್‌ನ ಮಾದರಿ ಭಾಗ, ಪೂರ್ತಿ ಆಡಿ ಮುಗಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನೀವು ಹೇಳಿದ್ದು ಇಷ್ಟು. ಮಲೆನಾಡಿನ ಹಳೇ ತೊಟ್ಟಿಮನೆ, ರಾತ್ರಿ, ಟಾರ್ಚ್ ಹಿಡಿದ ಹುಡುಗ ಐದು ಬೀಗದ ಕೈ ಹುಡುಕಬೇಕು. ಏಳು ಕಡೆ ದೆವ್ವ ಎದುರಿಗೆ ಹಾರುತ್ತದೆ, ಅಟ್ಟದಲ್ಲಿ ಮಾತ್ರ ಅಟ್ಟಿಸಿಕೊಂಡು ಬರುತ್ತದೆ. ಆದರೂ ಸ್ನೇಹಿತರು ಆಡುತ್ತಾ ನಕ್ಕುಬಿಟ್ಟರು. ಹಾಗಾಗಿ ದೆವ್ವದ ಮಾಡೆಲ್ (ಕಂಪ್ಯೂಟರ್‌ನಲ್ಲಿ ಮಾಡಿದ ಆಕೃತಿ) ಬದಲಾಯಿಸಲಾ, ರಕ್ತ ಜಾಸ್ತಿ ಮಾಡಲಾ, ಕಿರುಚಾಟದ ವಾಲ್ಯೂಮ್ ಏರಿಸಲಾ ಅಂತ ಕೇಳಿದ್ದೀರಿ. ಮೇಲೆ ಕೆಲವರು ಮಾಡೆಲ್ ಇನ್ನೂ ಚೆನ್ನಾಗಿ ಮಾಡಿ ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಅಜ್ಜಿ ದೆವ್ವ ಸಾಕಷ್ಟು ಚೆನ್ನಾಗಿದೆ. ಕೆಲಸ ಬಾಕಿ ಇರುವುದು ಆ ಅಜ್ಜಿ ಪರದೆ ಮೇಲೆ ಇಲ್ಲದ ಹೊತ್ತಿನಲ್ಲಿ.

ಸಿನಿಮಾ ನೋಡುವವನು ಹೆದರಿದರೆ ಕಣ್ಣು ಮುಚ್ಚಿಕೊಳ್ಳಬಹುದು, ಸಿನಿಮಾ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಗೇಮ್ ಹೋಗುವುದಿಲ್ಲ. ಆಟಗಾರ ಬಟನ್ ಒತ್ತದಿದ್ದರೆ ಆ ಹುಡುಗ ಬಾಗಿಲ ಮುಂದೆ ಬೆಳಗಿನ ತನಕ ನಿಂತೇ ಇರುತ್ತಾನೆ. ಒಳಗೆ ಏನೋ ಇದೆ ಅಂತ ಗೊತ್ತಿದ್ದೂ ತನ್ನ ಹೆಬ್ಬೆರಳಿನಿಂದಲೇ ತಾನು ಒಳಗೆ ಹೋಗಬೇಕು, ಅಲ್ವಾ? ನನ್ನ ಪ್ರಕಾರ ಹಾರರ್ ಗೇಮ್‌ನ ಹೆದರಿಕೆಯೆಲ್ಲ ಆ ಹೆಬ್ಬೆರಳು ತಡೆಯುವ ಎರಡು ಸೆಕೆಂಡಿನಲ್ಲಿದೆ. ನಿಮ್ಮ ಡೆಮೊದಲ್ಲಿ ನಾನು ಎಲ್ಲೂ ತಡೆಯಲಿಲ್ಲ, ಓಡುತ್ತಲೇ ಐದು ಬೀಗದ ಕೈ ಎತ್ತಿಕೊಂಡೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ಏಳು ಹಾರಾಟ. ದಿಢೀರ್ ಅಂತ ಮುಖ ಬಂದರೆ ಬೆಚ್ಚುವುದು ಮೈಯ ಗುಣ, ಅದಕ್ಕೆ ದೆವ್ವವೇ ಬೇಕಿಲ್ಲ, ಪಟಾಕಿ ಸಾಕು. ಬೆಚ್ಚಿದ ಮರುಕ್ಷಣ ಏನಾಗುತ್ತದೆ ನೋಡಿ. ಅಲ್ಲಿಯವರೆಗೆ ಕೂಡಿಟ್ಟ ಬಿಗಿ ಎಲ್ಲ ಹೊರಗೆ ಹೋಗುತ್ತದೆ, ಜನ ನಗುತ್ತಾರೆ, ಇನ್ನು ಸ್ವಲ್ಪ ಹೊತ್ತು ಏನೂ ಬರುವುದಿಲ್ಲ ಅಂತ ಆರಾಮಾಗುತ್ತಾರೆ. ಮೂರನೇ ಸಲಕ್ಕೆ ಮೈ ಮೊದಲೇ ತಯಾರಾಗಿರುತ್ತದೆ. 1996ರ ರೆಸಿಡೆಂಟ್ ಈವಿಲ್ ಆಡಿದವರಿಗೆ ನಾಯಿ ಕಿಟಕಿ ಒಡೆದು ನುಗ್ಗುವ ಜಾಗ ನೆನಪಿರುತ್ತದೆ. ಅದೂ ಹಾರಾಟವೇ. ಆದರೆ ಆಮೇಲೆ ಆ ಬಂಗಲೆಯ ಪ್ರತಿ ಕಿಟಕಿಯ ಪಕ್ಕ ಹೋಗುವಾಗಲೂ ನಾವು ಗೋಡೆಗೆ ಅಂಟಿಕೊಂಡು ನಡೆದೆವು, ಬಹುಪಾಲು ಕಿಟಕಿಗಳಿಂದ ಏನೂ ಬರಲೇ ಇಲ್ಲ. ಒಂದು ಹಾರಾಟದಿಂದ ಇಡೀ ಮನೆಯ ಕಿಟಕಿಗಳನ್ನೆಲ್ಲ ಕೆಡಿಸಿಟ್ಟರು. ನೀವೂ ಒಂದನ್ನು ಇಟ್ಟುಕೊಳ್ಳಿ, ಬಚ್ಚಲುಮನೆಯದ್ದು. ಹಂಡೆ ಹಿಂದಿನಿಂದ ಬರುವುದು ನಿಜಕ್ಕೂ ಚೆನ್ನಾಗಿದೆ. ಉಳಿದ ಆರು ತೆಗೆದುಬಿಡಿ. ಹಂಡೆಯಂಥದ್ದೇ ದೊಡ್ಡ ಪಾತ್ರೆಗಳನ್ನು ಬೇರೆ ಕೋಣೆಗಳಲ್ಲಿ ಸುಮ್ನೆ ಇಡಿ, ಖಾಲಿ. ಆಟಗಾರ ತಾನೇ ಹೆದರಿಕೊಳ್ಳುತ್ತಾನೆ.

ಎರಡನೆಯದು ಸೇವ್. ನಿಮ್ಮಲ್ಲಿ ಪ್ರತಿ ಬಾಗಿಲಿಗೂ ಆಟೋಸೇವ್ ಇದೆ. ಅಜ್ಜಿ ಹಿಡಿದರೆ ಅದೇ ಬಾಗಿಲ ಮುಂದೆ ಮತ್ತೆ ನಿಂತಿರುತ್ತೇನೆ, ಬೀಗದ ಕೈಗಳೂ ಕೈಯಲ್ಲೇ. ಮತ್ತೆ ಯಾಕೆ ಹೆದರಬೇಕು? ಕಳೆದುಕೊಳ್ಳೋಕೆ ಏನಾದರೂ ಇರಬೇಕು. ಅದೇ ಹಳೇ ರೆಸಿಡೆಂಟ್ ಈವಿಲ್‌ನಲ್ಲಿ ಟೈಪ್‌ರೈಟರ್ ಹತ್ತಿರ ಹೋಗಿ ಸೇವ್ ಮಾಡಬೇಕಿತ್ತು, ಅದಕ್ಕೆ ಬೇಕಾದ ಇಂಕ್ ರಿಬ್ಬನ್ ಲೆಕ್ಕಕ್ಕೆ ಸಿಕ್ಕಷ್ಟೇ. ನಾವು ಆಡಿಸುವ ಎರಡು ಪಾತ್ರಗಳಲ್ಲಿ ಸಾಮಾನು ಇಟ್ಟುಕೊಳ್ಳಲು ಕ್ರಿಸ್‌ಗೆ 6 ಜಾಗ, ಜಿಲ್‌ಗೆ 8. ಗುಂಡು ಒಯ್ಯಲಾ, ಔಷಧಿ ಒಯ್ಯಲಾ, ಬೀಗದ ಕೈ ಒಯ್ಯಲಾ ಅನ್ನುವ ಚಿಂತೆಯೇ ಅರ್ಧ ಭಯ. 2014ರ ಏಲಿಯನ್: ಐಸೊಲೇಶನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗೋಡೆಯ ಮೇಲಿನ ಯಂತ್ರಕ್ಕೆ ಕಾರ್ಡ್ ಹಾಕಿ ಕೆಲವು ಸೆಕೆಂಡ್ ಕಾಯಬೇಕು, ಆಮೇಲೆ ಸೇವ್. ಆ ಕಾಯುವ ಹೊತ್ತಲ್ಲಿ ನಿಮ್ಮನ್ನು ಹುಡುಕುತ್ತಿರುವ ಏಲಿಯನ್ (ಅನ್ಯಗ್ರಹದ ಜೀವಿ) ಬೆನ್ನ ಹಿಂದಿನಿಂದ ಬಂದು ಕೊಂದರೆ ಮುಗಿಯಿತು, ಹಿಂದಿನ ಸೇವ್‌ಗೆ ವಾಪಸ್. ಸೇವ್ ಮಾಡುವ ಬಟನ್ ಒತ್ತುವುದಕ್ಕೇ ಧೈರ್ಯ ಬೇಕಾಗುವ ಹಾಗೆ ಮಾಡಿಟ್ಟಿದ್ದಾರೆ!

ಆದರೆ ಇದನ್ನು ಅತಿ ಮಾಡಬೇಡಿ. ಒಂದೇ ಜಾಗದಲ್ಲಿ ನಾಲ್ಕೈದು ಸಲ ಸತ್ತವನಿಗೆ ಭಯ ಹೋಗಿ ಸಿಟ್ಟು ಬರುತ್ತದೆ. ದೆವ್ವ ಹೋಗಿ ಅಡ್ಡ ನಿಂತ ಕಂಬ ಆಗುತ್ತದೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್‌ನವರ ಆಮ್ನೇಶಿಯಾ: ದ ಡಾರ್ಕ್ ಡಿಸೆಂಟ್‌ನಲ್ಲಿ (2010) ಸತ್ತು ಮರಳಿ ಬಂದರೆ ಎಷ್ಟೋ ಕಡೆ ಕೊಂದ ಜೀವಿ ಮೊದಲಿನ ಜಾಗದಲ್ಲಿ ಇರುವುದಿಲ್ಲ. ಕಲಿತ ಪಾಠ ಉಪಯೋಗಕ್ಕೆ ಬರಬಾರದು ಅಂತ. ನಿಮಗೆ ಇದು ಸುಲಭ. ನಡುಮನೆಯ ದೇವರ ಗೂಡಲ್ಲಿ ದೀಪ ಹಚ್ಚಿದರೆ ಮಾತ್ರ ಸೇವ್, ಇಡೀ ಮನೆಗೆ ನಾಲ್ಕೇ ಬತ್ತಿ. ಸತ್ತರೆ ಅಜ್ಜಿ ಬೇರೆ ಕೋಣೆಯಿಂದ ಶುರು. ಇಷ್ಟು ಮಾಡಿ ನೋಡಿ.

ಈಗ ಮೂಲೆಯಲ್ಲಿರುವ ಆ ಮ್ಯಾಪ್. ಅದರ ಮೇಲೆ ಕೆಂಪು ಚುಕ್ಕೆಯಾಗಿ ದೆವ್ವ ಓಡಾಡುತ್ತದೆ. ದಯವಿಟ್ಟು ಇವತ್ತೇ ತೆಗೆಯಿರಿ. ನಾನು ಅಟ್ಟದಲ್ಲಿ ಮನೆ ನೋಡಲೇ ಇಲ್ಲ, ಚುಕ್ಕೆ ನೋಡಿಕೊಂಡು ಆಡಿದೆ. ಏನೂ ಗೊತ್ತಾಗದಂತೆ ಮಾಡಿ ಅಂತಲ್ಲ ನಾನು ಹೇಳುತ್ತಿರುವುದು. ಏನೂ ಗೊತ್ತಾಗದಿದ್ದರೆ ಆಟಗಾರ ಗೊಂದಲಕ್ಕೆ ಬೀಳುತ್ತಾನೆ, ಹೆದರುವುದಿಲ್ಲ. ಅರ್ಧ ಗೊತ್ತಾಗಬೇಕು. 1999ರ ಸೈಲೆಂಟ್ ಹಿಲ್‌ನಲ್ಲಿ ಜೇಬಿನ ರೇಡಿಯೊ ಕರಕರ ಅನ್ನಲು ಶುರು ಮಾಡಿದರೆ ಹತ್ತಿರದಲ್ಲಿ ಏನೋ ಇದೆ ಅಂತ ಅರ್ಥ. ಎಲ್ಲಿ, ಎಂಥದ್ದು, ಊಹೂಂ. ಸುತ್ತ ಮಂಜು ಬೇರೆ. ಹಳೇ ಪ್ಲೇಸ್ಟೇಷನ್‌ಗೆ ಅಷ್ಟು ದೂರದ ಊರನ್ನೆಲ್ಲ ಒಟ್ಟಿಗೆ ಬಿಡಿಸುವ ತಾಕತ್ತು ಇರಲಿಲ್ಲ, ಅದನ್ನು ಮುಚ್ಚಲು ಮಂಜು, ಕತ್ತಲೆ ಹಾಕಿದರು, ಆ ಮಂಜೇ ಆ ಗೇಮ್‌ನ ಗುರುತಾಯಿತು. ನಿಮ್ಮ ಫೋನ್ ಬಿಸಿಯಾಗುತ್ತದೆ, ಫ್ರೇಮ್ ಬೀಳುತ್ತದೆ (ಚಿತ್ರ ತಡವರಿಸುತ್ತದೆ) ಅಂದಿದ್ದಿರಲ್ಲ, ಹಿತ್ತಲಲ್ಲಿ ಮಂಜು ಇಳಿಸಿ. ಮಲೆನಾಡು ತಾನೇ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಐಸೊಲೇಶನ್‌ನ ಮೋಷನ್ ಟ್ರ್ಯಾಕರ್, ಅಂದರೆ ಚಲನೆ ಹಿಡಿಯುವ ಕೈಯಂತ್ರ, ಇದಕ್ಕಿಂತ ತಮಾಷೆ. ಅದರಲ್ಲಿ ಚುಕ್ಕೆ ಕಾಣುತ್ತದೆ, ದೂರವೂ ತಿಳಿಯುತ್ತದೆ. ಆದರೆ ಅದು ನಿಮ್ಮದೇ ನೆಲದ ಮೇಲಿದೆಯೋ ತಲೆ ಮೇಲಿನ ಗಾಳಿ ಕೊಳವೆಯಲ್ಲಿದೆಯೋ ತಿಳಿಯುವುದಿಲ್ಲ. ಅಲುಗಾಡದೆ ನಿಂತದ್ದು ಕಾಣುವುದೂ ಇಲ್ಲ. ಟ್ರ್ಯಾಕರ್ ನೋಡುವಾಗ ಎದುರಿನ ದೃಶ್ಯ ಮಸುಕಾಗುತ್ತದೆ, ತೀರಾ ಹತ್ತಿರ ಬಂದಿದ್ದರೆ ಅದರ ಸದ್ದು ಏಲಿಯನ್‌ಗೂ ಕೇಳುತ್ತದೆ. ನೋಡಿದರೂ ಕಷ್ಟ, ನೋಡದಿದ್ದರೂ ಕಷ್ಟ.

ನಿಮ್ಮ ಟಾರ್ಚ್‌ಗೂ ಇದೇ ಬೇಕು. ಈಗ ಅದು ಸದಾ ಉರಿಯುತ್ತಿರುತ್ತದೆ, ಯಾವ ನಷ್ಟವೂ ಇಲ್ಲ. ಬ್ಯಾಟರಿ ಖರ್ಚಾಗಲಿ ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿಯೇ, ಆದರೆ ಬರೀ ಬ್ಯಾಟರಿಯಾದರೆ ಸಾಮಾನು ಹುಡುಕುವ ಕೆಲಸ ಹೆಚ್ಚಾಗುತ್ತದೆ ಅಷ್ಟೆ. ಟಾರ್ಚ್ ಹಾಕಿದರೆ ಆಟಗಾರನಿಗೆ ಕಾಣಬೇಕು, ಅಜ್ಜಿಗೂ ಕಾಣಬೇಕು. ಸೈಲೆಂಟ್ ಹಿಲ್‌ನಲ್ಲೂ ಹಾಗೇ, ದೀಪ ಆರಿಸಿದರೆ ಜಂತುಗಳು ನಿಮ್ಮನ್ನು ಕಡಿಮೆ ಗಮನಿಸುತ್ತವೆ, ನಿಮಗೂ ಏನೂ ಕಾಣುವುದಿಲ್ಲ. ಆಮ್ನೇಶಿಯಾದಲ್ಲಿ ಕತ್ತಲಲ್ಲಿ ನಿಂತರೆ ಬುದ್ಧಿ ಕೆಡುತ್ತಾ ಹೋಗುತ್ತದೆ, ಬೆಳಕಲ್ಲಿ ನಿಂತರೆ ಸಿಕ್ಕಿಬೀಳುತ್ತೀರಿ. ಆ ಜೀವಿಯನ್ನು ದಿಟ್ಟಿಸಿ ನೋಡಿದರೂ ಬುದ್ಧಿ ಕೆಡುತ್ತದೆ. ಇದು ಬಹಳ ಜಾಣ ಉಪಾಯ ಅನ್ನಿಸುತ್ತದೆ ನನಗೆ, ಯಾಕೆಂದರೆ ಯಾರೂ ಮಾಡೆಲ್ ಅನ್ನು ನಿಂತು ಪರೀಕ್ಷೆ ಮಾಡುವುದಿಲ್ಲ! ಮಾಡೆಲ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಮೂರು ವಾರದ ಕೆಲಸ ಉಳಿಯುತ್ತದೆ.

ಅಜ್ಜಿ ಓಡಾಡುವ ರೀತಿ ಬಗ್ಗೆ. ಅಟ್ಟದಲ್ಲಿ ಅವಳು ಒಂದೇ ದಾರಿಯಲ್ಲಿ ಸುತ್ತುತ್ತಾಳೆ. ಎರಡನೇ ಸಲ ಆಡುವಾಗ ನನಗೆ ಬಾಯಿಪಾಠ ಆಗಿತ್ತು. ಹಾಗಂತ ಸದಾ ಆಟಗಾರನ ಕಡೆಗೇ ಬರುವಂತೆ ಮಾಡಿದರೂ ಮೋಸ ಅನ್ನಿಸುತ್ತದೆ. ಐಸೊಲೇಶನ್‌ನಲ್ಲಿ ಇದಕ್ಕೆ ಎರಡು ತಲೆ ಇಟ್ಟಿದ್ದಾರೆ. ಒಂದು ಮೇಲಿನಿಂದ ನೋಡುವ ಡೈರೆಕ್ಟರ್, ಅದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಇನ್ನೊಂದು ಏಲಿಯನ್, ಅದಕ್ಕೆ ಗೊತ್ತಿಲ್ಲ. ಡೈರೆಕ್ಟರ್ ಅದಕ್ಕೆ ಆ ಕಡೆ ಹೋಗಿ ನೋಡು ಅಂತ ಒಂದು ಪ್ರದೇಶ ಮಾತ್ರ ಹೇಳುತ್ತದೆ, ಆಮೇಲೆ ಹುಡುಕುವುದು ಅದರದೇ ಕಣ್ಣು, ಕಿವಿ. ಜೊತೆಗೆ ನಿಮ್ಮ ಮೇಲೆ ಎಷ್ಟು ಒತ್ತಡ ಬಿದ್ದಿದೆ ಅಂತ ಒಂದು ಲೆಕ್ಕ ನಡೆಯುತ್ತಿರುತ್ತದೆ, ಅದು ಮಿತಿ ಮೀರಿದರೆ ಏಲಿಯನ್ ಅನ್ನು ಕೊಳವೆಗೆ ಹತ್ತಿಸಿ ದೂರ ಕಳಿಸುತ್ತದೆ. ವಾಲ್ವ್ ಕಂಪನಿಯವರ ಲೆಫ್ಟ್ 4 ಡೆಡ್ (2008) ಕೂಡ ಇದೇ ತರಹ ಏರಿಸಿ, ಇಳಿಸಿ, ಉಸಿರಾಡಲು ಬಿಟ್ಟು ಮತ್ತೆ ಏರಿಸುತ್ತದೆ.

ಇದನ್ನು ಗೊಡೋದಲ್ಲಿ (ಗೇಮ್ ಮಾಡುವ ಸಾಫ್ಟ್‌ವೇರ್) ಮಾಡಲು ದೊಡ್ಡ ವಿದ್ಯೆ ಬೇಕಿಲ್ಲ. 0ಯಿಂದ 100ರವರೆಗಿನ ಒಂದು ಸಂಖ್ಯೆ ಇಟ್ಟುಕೊಳ್ಳಿ. ಅಜ್ಜಿ ಹತ್ತಿರ ಇದ್ದಷ್ಟು ಹೊತ್ತು ಏರಲಿ, ಕಣ್ಣಿಗೆ ಕಂಡರೆ ಬೇಗ ಏರಲಿ, ದೂರ ಇದ್ದರೆ ನಿಧಾನ ಇಳಿಯಲಿ. 70 ದಾಟಿದರೆ ಅವಳಿಗೆ ಮನೆಯ ಆ ತುದಿಯ ಕೋಣೆ ಕೊಡಿ. 20ಕ್ಕಿಂತ ಕೆಳಗೆ ಬಂದರೆ ಆಟಗಾರನ ಪಕ್ಕದ ಕೋಣೆ ಕೊಡಿ. ಪಕ್ಕದ್ದು ಅಂದೆ, ಅವನಿರುವ ಕೋಣೆಯಲ್ಲ. ಅಂಕಿಗಳನ್ನು ಆಡಿಸಿ ನೋಡಿ ಬದಲಾಯಿಸಿ. ಅವಳು ದೂರ ಹೋದಾಗ ಹೋದಳು ಅಂತ ಪರದೆ ಮೇಲೆ ಬರೆಯಬೇಡಿ. ಹೋಗಿದ್ದಾಳೋ ಇಲ್ಲವೋ ಅನ್ನುವ ಅನುಮಾನದಲ್ಲೇ ಆಟಗಾರ ಪೆಟ್ಟಿಗೆ ಹಿಂದೆ ಕೂತಿರಲಿ.

ಶಬ್ದದ ಬಗ್ಗೆ ನಿಮ್ಮ ಜೊತೆ ಜಗಳವೇ ಆಡಬೇಕು. ಇಪ್ಪತ್ತು ನಿಮಿಷವೂ ಹಿನ್ನೆಲೆಯಲ್ಲಿ ಪಿಟೀಲು ಕೀರಲು! ಎರಡು ನಿಮಿಷಕ್ಕೆ ಕಿವಿ ಅದನ್ನು ಮರೆಯುತ್ತದೆ. ನಿಮ್ಮ ಮನೆಯಲ್ಲೇ ಬೇಕಾದಷ್ಟು ಸದ್ದು ಇದೆಯಲ್ಲ. ಜೀರುಂಡೆ, ಕಪ್ಪೆ, ಹೆಂಚಿನ ಮೇಲೆ ಇಲಿ, ಅಡಿಕೆ ಹಾಳೆ ಬೀಳುವುದು. ಮೊದಲ ಐದು ನಿಮಿಷ ಜೀರುಂಡೆ ಸದ್ದು ಜೋರಾಗಿ ಇರಲಿ, ಆಟಗಾರನಿಗೆ ಅಭ್ಯಾಸವಾಗಲಿ. ಆಮೇಲೆ ಅಜ್ಜಿ ಹಿತ್ತಲಿನಿಂದ ಒಳಗೆ ಬಂದಾಗ ಆ ಕಡೆಯ ಜೀರುಂಡೆ ಮಾತ್ರ ನಿಲ್ಲಲಿ. ಬೇರೇನೂ ಬೇಡ. ಮೊದಲ ಸಲ ಅವನಿಗೆ ತಿಳಿಯುವುದಿಲ್ಲ, ಎರಡನೇ ಸಲ ಸಂಶಯ ಬರುತ್ತದೆ, ಮೂರನೇ ಸಲ ಹೆಡ್‌ಫೋನ್ ಹಾಕಿಕೊಂಡವನು ತಾನಾಗೇ ನಿಂತುಬಿಡುತ್ತಾನೆ. ಹೆಜ್ಜೆ ಸದ್ದೂ ಹೀಗೇ. 2019ರ ರೆಸಿಡೆಂಟ್ ಈವಿಲ್ 2ರಲ್ಲಿ ಬೆನ್ನಟ್ಟುವ ದೈತ್ಯ ಮಿಸ್ಟರ್ ಎಕ್ಸ್‌ನ ಬೂಟು ಬೇರೆ ಕೋಣೆಯಿಂದ ಕೇಳುತ್ತಲೇ ಇರುತ್ತದೆ, ಎದುರಿಗೆ ಕಂಡಾಗಿನದಕ್ಕಿಂತ ಆಗಲೇ ಹೊಟ್ಟೆ ಹಿಂಡುವುದು.

ಗ್ರಾಫಿಕ್ಸ್ ಬಗ್ಗೆ ಚಿಂತೆ ಇರುವವರು ಗ್ರಾನಿ ನೆನಪಿಸಿಕೊಳ್ಳಿ. ನಮ್ಮ ಮನೆಗಳ ಮಕ್ಕಳೆಲ್ಲ ಫೋನ್‌ನಲ್ಲಿ ಆಡಿದ ಗೇಮ್. ನೋಡಲು ತೀರಾ ಸಾಧಾರಣ. ಆದರೆ ಕೈಯಿಂದ ಏನಾದರೂ ಬೀಳಿಸಿದರೆ, ಸಡಿಲ ಹಲಗೆ ತುಳಿದರೆ ಆ ಮುದುಕಿಗೆ ಕೇಳುತ್ತದೆ, ಹುಡುಕಿಕೊಂಡು ಬರುತ್ತಾಳೆ. ತಪ್ಪು ಮಾಡಿದ್ದು ಆಟಗಾರನೇ, ಅದಕ್ಕೇ ಅಷ್ಟು ಗಾಬರಿ. ನಿಮ್ಮ ಅಟ್ಟದ ಏಣಿಯ ಒಂದು ಮೆಟ್ಟಿಲು ಕಿರ್ ಅನ್ನಲಿ, ಯಾವಾಗಲೂ ಅದೇ ಮೆಟ್ಟಿಲು. ನಿಧಾನ ಹತ್ತಿದರೆ ಸದ್ದಿಲ್ಲ. ಹಿಂದೆ ಅಜ್ಜಿ ಇದ್ದಾಗ ನಿಧಾನ ಹತ್ತುವುದಿದೆಯಲ್ಲ, ಅದನ್ನು ಆಡಿಸಿ ನೋಡಿ.

ಆಯುಧ ಕೊಡಬೇಕಾ ಅಂತ ಇನ್ನೊಬ್ಬರು ಕೇಳಿದ್ದರು. ಎರಡೂ ನಡೆಯುತ್ತದೆ. ಆಮ್ನೇಶಿಯಾದಲ್ಲಿ ಆಯುಧವೇ ಇಲ್ಲ, ಡೆಡ್ ಸ್ಪೇಸ್‌ನಲ್ಲಿ (2008) ಬೇಕಾದಷ್ಟಿವೆ, ಆದರೆ ಸಾಮಾನಿನ ಪಟ್ಟಿ ತೆಗೆದಾಗ ಆಟ ನಿಲ್ಲುವುದಿಲ್ಲ. ಫೇಟಲ್ ಫ್ರೇಮ್‌ನಲ್ಲಿ ಕ್ಯಾಮೆರಾವೇ ಆಯುಧ, ದೆವ್ವ ಮುಖದ ಹತ್ತಿರ ಬರುವವರೆಗೆ ಕಾದು ಫೋಟೊ ತೆಗೆದರೆ ಪೆಟ್ಟು ಜಾಸ್ತಿ. ನಿಮ್ಮ ಗೇಮ್‌ಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ, ಕೆಲಸ ಹೆಚ್ಚಾಗುತ್ತದೆ ಅಷ್ಟೆ.

ಒಬ್ಬರೇ ಮಾಡುತ್ತಿದ್ದೀರಿ, ಹನ್ನೊಂದು ಕೋಣೆ ಯಾಕೆ? 2014ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ಪಿ.ಟಿ. ಅನ್ನುವ ಹಾರರ್ ಡೆಮೊದಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದು ತಿರುವಿನ ಓಣಿ. ಕೊನೆಯ ಬಾಗಿಲು ತೆಗೆದರೆ ಮತ್ತೆ ಅದೇ ಓಣಿಯ ಶುರು. ಪ್ರತಿ ಸುತ್ತಿಗೂ ಏನೋ ಒಂಚೂರು ಬದಲು. 2015ರಲ್ಲಿ ಅದರ ಕಂಪನಿ ಕೊನಾಮಿ ಅದನ್ನು ಸ್ಟೋರ್‌ನಿಂದ ತೆಗೆದುಹಾಕಿತು, ಜನ ಇನ್ನೂ ಅದರ ಮಾತಾಡುತ್ತಾರೆ. ನಿಮ್ಮ ತೊಟ್ಟಿಯ ಸುತ್ತಲ ಜಗಲಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಾಲ್ಕು ಬದಿ, ಸುತ್ತಿ ಬಂದರೆ ಅಲ್ಲಿಗೇ. ಮೊದಲ ಸುತ್ತಲ್ಲಿ ಕಂಬಕ್ಕೆ ಒರಗಿಸಿದ ಕೊಡೆ ಎರಡನೇ ಸುತ್ತಲ್ಲಿ ಒದ್ದೆಯಾಗಿರಲಿ. ಹೊರಗೆ ಮಳೆ ಇಲ್ಲ. ಅದನ್ನು ಬಾಣದ ಗುರುತು ಹಾಕಿ ತೋರಿಸಬೇಡಿ, ಕಂಡವರಿಗೆ ಕಾಣಲಿ.

ಇನ್ನು ಪರೀಕ್ಷೆ. ನಾಲ್ಕು ಸ್ನೇಹಿತರನ್ನು ಒಟ್ಟಿಗೆ ಕೂರಿಸಿ, ಸಂಜೆ ಬೆಳಕಲ್ಲಿ, ಫೋನ್ ಸ್ಪೀಕರ್‌ನಲ್ಲಿ ಆಡಿಸಿದ್ದೀರಿ. ಅಲ್ಲಿ ಯಾವ ಗೇಮ್ ಆದರೂ ತಮಾಷೆಯೇ. ಗುಂಪಲ್ಲಿ ಹೆದರಿಸುವ ಗೇಮ್‌ಗಳೂ ಇವೆ. 2020ರ ಫ್ಯಾಸ್ಮೊಫೋಬಿಯಾದಲ್ಲಿ ನೀವು ಮೈಕ್‌ನಲ್ಲಿ ಆಡುವ ಮಾತು ದೆವ್ವಕ್ಕೆ ಕೇಳುತ್ತದೆ, ಅದು ಬೇಟೆಗೆ ಇಳಿದಾಗ ವಾಕಿಟಾಕಿ ಕೆಡುತ್ತದೆ. ನಿಮ್ಮದು ಒಂಟಿ ಆಟ. ಒಬ್ಬರನ್ನೇ ಕೂರಿಸಿ, ಹೆಡ್‌ಫೋನ್ ಕೊಡಿ, ಲೈಟ್ ಆರಿಸಿ, ಸ್ಕ್ರೀನ್ ರೆಕಾರ್ಡ್ ಹಾಕಿ ಹೊರಗೆ ಹೋಗಿ. ಆಮೇಲೆ ಭಯ ಆಯ್ತಾ ಅಂತ ಕೇಳಬೇಡಿ, ಯಾರೂ ನಿಜ ಹೇಳುವುದಿಲ್ಲ. ರೆಕಾರ್ಡಿಂಗ್ ನೋಡಿ. ಯಾವ ಬಾಗಿಲ ಮುಂದೆ ನಿಂತರು, ಎಲ್ಲಿ ಹಿಂದೆ ತಿರುಗಿ ನೋಡಿದರು, ಎಲ್ಲಿ ಓಡುವುದು ಬಿಟ್ಟು ನಡೆದರು. ಅಲ್ಲೆಲ್ಲ ನಿಮ್ಮ ಗೇಮ್ ಕೆಲಸ ಮಾಡುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಬ್ರೈಟ್‌ನೆಸ್ ಪಟ್ಟಿಯನ್ನೂ ಇಡಿ, ಅಗ್ಗದ ಫೋನ್‌ಗಳಲ್ಲಿ ನಿಮ್ಮ ಕತ್ತಲೆ ಬರೀ ಕಪ್ಪು ಪರದೆ ಆಗಿದೆ.

ಎಲ್ಲ ಒಟ್ಟಿಗೆ ಮಾಡಲು ಹೋಗಬೇಡಿ. ಮೊದಲು ಚುಕ್ಕೆ ತೆಗೆಯಿರಿ, ಆರು ಹಾರಾಟ ತೆಗೆಯಿರಿ, ಪಿಟೀಲು ನಿಲ್ಲಿಸಿ. ಮೂರೂ ಅಳಿಸುವ ಕೆಲಸ, ಒಂದು ಸಂಜೆಗೆ ಮುಗಿಯುತ್ತದೆ. ಆ ಬಿಲ್ಡ್ (ಹೊಸ ಆವೃತ್ತಿ) ಇಲ್ಲೇ ಹಾಕಿ, ಜೀರುಂಡೆ ಸದ್ದಿಗೆ ರೆಕಾರ್ಡಿಂಗ್ ಬೇಕಿದ್ದರೆ ನನ್ನ ಹತ್ತಿರ ತೋಟದಲ್ಲಿ ಹಿಡಿದದ್ದು ಇದೆ, ಕಳಿಸುತ್ತೇನೆ.