ಗ್ರಾಫಿಕ್ಸ್ ಕಾರ್ಡ್ ಈಗಲೇ ಬೇಕಾ?

ಪ್ರಶ್ನೆ: ಮೊದಲ ಸಲ ನಾನೇ ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇನೆ. ಕೋಡಿಂಗ್, ಸ್ವಲ್ಪ ವಿಡಿಯೊ ಎಡಿಟಿಂಗ್ ಮಾಡಬೇಕು. ದುಡ್ಡು ಕಡಿಮೆ. ರೈಜನ್ 5 7600 ಪ್ರೊಸೆಸರ್ ನೋಡಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕಾ? ಗೆಳೆಯನ ಹಳೆಯ ಡಿಡಿಆರ್4 ರ್ಯಾಮ್ ಹಾಕಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಕಾರ್ಡ್ ಈಗ ಬೇಡ. 7600ರ ಒಳಗೇ ಪುಟ್ಟ ಗ್ರಾಫಿಕ್ಸ್ ಇದೆ, ಮಾನಿಟರ್ ಕೇಬಲ್ಲನ್ನು ನೇರ ಮದರ್‌ಬೋರ್ಡ್‌ಗೆ ಚುಚ್ಚಿ ಕೆಲಸ ಶುರು ಮಾಡಿ, ಕಾರ್ಡ್ ಮುಂದಿನ ವರ್ಷ ಹಾಕಿದರಾಯಿತು. ಆದರೆ ಸ್ವಲ್ಪ ಅಗ್ಗ ಅಂತ 7500ಎಫ್ ತಂದುಬಿಟ್ಟೀರಿ, ಹುಷಾರು! ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಪರದೆ ಕಪ್ಪಗೇ ಇರುತ್ತದೆ.

ಹಳೆಯ ರ್ಯಾಮ್ ಆಗೋದಿಲ್ಲ. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿನ ಬೋರ್ಡ್‌ಗೆ ಹೊಸ ತಲೆಮಾರಿನ ಡಿಡಿಆರ್5 ರ್ಯಾಮ್ ಮಾತ್ರ. ರ್ಯಾಮ್ ಪಟ್ಟಿಯ ಕೆಳಗಿನ ಕಚ್ಚು ನೋಡಿ, ಎರಡರದ್ದೂ ಬೇರೆ ಬೇರೆ ಜಾಗದಲ್ಲಿದೆ, ಒತ್ತಿದರೆ ಸ್ಲಾಟ್ ಮುರಿಯುತ್ತದೆ ಅಷ್ಟೇ. 16 ಜಿಬಿಯ ಎರಡು ಪಟ್ಟಿ ಜೋಡಿಯಾಗಿ ತಗೊಳ್ಳಿ. ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ್ಯಾಮ್ ಬಳಸುವುದರಿಂದ ಜೋಡಿ ಇದ್ದರೆ ಜಾಸ್ತಿ ಅನುಕೂಲ.

ದಯವಿಟ್ಟು ಪವರ್ ಸಪ್ಲೈನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಕ್ಯಾಬಿನೆಟ್ ಜೊತೆ ಸುಮ್ನೆ ಕೊಡುವ ಹೆಸರಿಲ್ಲದ ಡಬ್ಬ ಬೇಡವೇ ಬೇಡ, ಅದು ಕೆಟ್ಟರೆ ಬೋರ್ಡನ್ನೂ ಸುಡಬಹುದು, ಅಲ್ವಾ? ಒಳ್ಳೆ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ (ವಿದ್ಯುತ್ ಎಷ್ಟು ಪೋಲಾಗದೆ ಸಿಗುತ್ತದೆ ಎಂಬುದರ ದರ್ಜೆ) ಸಾಕು.