ಜಲಾಶಯಕ್ಕೆ ಬೀಗ ಜಡಿಯುವ ಮುನ್ನ

ಓದುಗರೊಬ್ಬರ ಪತ್ರ: "ಕುಡಿಯುವ ನೀರಿನ ಜಲಾಶಯದಲ್ಲಿ ದೋಣಿ, ಗಾಳ, ದಡದಲ್ಲಿ ಪಿಕ್ನಿಕ್ ಎಲ್ಲ ಯಾಕೆ ಬೇಕು? ಸುತ್ತ ಬೇಲಿ ಹಾಕಿ ಬೀಗ ಜಡಿದರೆ ಆಯಿತಲ್ಲ? ಯಾರೋ ಕಾಲು ತೊಳೆದ ನೀರನ್ನು ನಾನ್ಯಾಕೆ ಕುಡಿಯಲಿ?"

ಉತ್ತರ: ಕೊನೆಯ ಸಾಲು ಓದಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಭಯ ಪೂರ್ತಿ ಸುಳ್ಳೇನಲ್ಲ. ಕ್ರಿಪ್ಟೋಸ್ಪೊರಿಡಿಯಂ ಅಂತ ಒಂದು ಕ್ರಿಮಿ ಇದೆ, ಮಲದ ಜೊತೆ ನೀರಿಗೆ ಬರುತ್ತೆ, ಕ್ಲೋರಿನ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಈಜು ಬೇಡ ಅಂದರೆ ನಾನೂ ಹೂಂ ಅನ್ನುತ್ತೇನೆ. ಅಲ್ಲಿಗೆ ನಮ್ಮಿಬ್ಬರ ದೋಸ್ತಿ ಮುಗಿಯಿತು.

ಅಮೆರಿಕದ ಬಾಸ್ಟನ್ ಕಡೆಗೆ ನೀರು ಕೊಡುವ ಕ್ವಾಬಿನ್ ಜಲಾಶಯವನ್ನೇ ನೋಡಿ. ಅದಕ್ಕಾಗಿ 1938ರಲ್ಲಿ 4 ಊರುಗಳನ್ನು ದಾಖಲೆಯಿಂದಲೇ ಅಳಿಸಿದರು, ಸಾವಿರಾರು ಗೋರಿ ಅಗೆದು ಬೇರೆ ಕಡೆ ಸಾಗಿಸಿದರು. ಅಲ್ಲಿ ಈಜುವಂತಿಲ್ಲ, ನಾಯಿ ತರುವಂತಿಲ್ಲ. ಆದರೆ ಗೊತ್ತುಪಡಿಸಿದ ಜಾಗದಲ್ಲಿ ಗಾಳ ಹಾಕಬಹುದು, ಕಾಡಿನ ದಾರಿಯಲ್ಲಿ ಓಡಾಡಬಹುದು. ಇಷ್ಟು ಜನ ಬಂದುಹೋಗುವ ಆ ನೀರನ್ನು ಸೋಸುವುದೂ ಇಲ್ಲ, ಓಝೋನ್ ಮತ್ತು ಅತಿನೇರಳೆ ಕಿರಣದಲ್ಲಿ ಶುದ್ಧ ಮಾಡಿ ನಲ್ಲಿಗೆ ಬಿಡುತ್ತಾರೆ. ನ್ಯೂಯಾರ್ಕ್ ನಗರದ ಜಲಾಶಯಗಳಲ್ಲಿ ಮೀನು ಹಿಡಿಯಲು ಹುಟ್ಟು ಹಾಕುವ ದೋಣಿ ಇಳಿಸಬಹುದು. ಅದಕ್ಕೆ ಮೊದಲು ದೋಣಿಗೆ ಬಿಸಿ ಹಬೆ ಹಾಯಿಸಿ ತೊಳೆಯುತ್ತಾರೆ, ತಳಕ್ಕೆ ಅಂಟಿಕೊಂಡು ಬರುವ ಚಿಪ್ಪುಹುಳು ಒಳಗೆ ಸೇರಬಾರದು ಅಂತ. ಬುದ್ಧಿ ಅಂದ್ರೆ ಇದು, ಅಲ್ವಾ?

ಇನ್ನು ನಿಮ್ಮ ಕಾಲು ತೊಳೆದ ನೀರು. 2011ರಲ್ಲಿ ಅಮೆರಿಕದ್ದೇ ಪೋರ್ಟ್‌ಲ್ಯಾಂಡ್ ನಗರದ ತೆರೆದ ಜಲಾಗಾರಕ್ಕೆ ಒಬ್ಬ ಉಚ್ಚೆ ಹೊಯ್ದ ಅಂತ ಸುಮಾರು 78 ಲಕ್ಷ ಗ್ಯಾಲನ್ ನೀರನ್ನು ಹೊರಗೆ ಬಿಟ್ಟರು! ಆಕಾಶಕ್ಕೆ ಬಾಯಿ ತೆರೆದುಕೊಂಡಿದ್ದ ನೀರು ಅದು, ಹಕ್ಕಿಗಳು ಹಿಕ್ಕೆ ಹಾಕುವಾಗ ಯಾರನ್ನೂ ಕೇಳಿರಲಿಲ್ಲ. ಆದರೆ 2014ರಲ್ಲಿ ಅದೇ ದೇಶದ ಟೊಲೆಡೊ ನಗರದ ಲಕ್ಷಾಂತರ ಜನ 3 ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಕಾರಣ, ಅವರಿಗೆ ನೀರು ಕೊಡುವ ಈರಿ ಸರೋವರದ ಪಾಚಿ ವಿಷ, ಕುದಿಸಿದರೂ ಹೋಗುವಂಥದ್ದಲ್ಲ. ಆ ಪಾಚಿಯನ್ನು ಕೊಬ್ಬಿಸಿದ್ದು ಮುಖ್ಯವಾಗಿ ಹೊಲಗಳಿಂದ ಹರಿದು ಬಂದ ಗೊಬ್ಬರ. ದೋಣಿಯವರಲ್ಲ ಸ್ವಾಮಿ.

ನನ್ನ ಸಿಟ್ಟು ಬರೀ ಜಲಾಶಯದ್ದಲ್ಲ. ಈಗ ಕಂಡದ್ದಕ್ಕೆಲ್ಲ ಬೀಗ. ಶಾಲೆ ಮೈದಾನಕ್ಕೆ ಗೇಟು, ಪಾರ್ಕಿಗೆ ಹೊತ್ತು ಗೊತ್ತು, ಗ್ರಂಥಾಲಯದ ಒಳ್ಳೆ ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ, ಬೀಗದ ಕೈ ಇರುವವರು ರಜೆಯಲ್ಲಿ. ನೀರು ಎಲ್ಲಿಂದ ಬರುತ್ತೆ ಅಂತ ಮಕ್ಕಳನ್ನು ಕೇಳಿದರೆ ಟ್ಯಾಂಕಿನಿಂದ ಅನ್ನುತ್ತಾರೆ, ಪಾಪ, ಅವು ಬೇರೇನು ನೋಡಿವೆ?

ಒಮ್ಮೆ ಒಂದು ಜಲಾಶಯದ ದಡದಲ್ಲಿ ನಿಂತಿದ್ದೆ. ಇಬ್ಬರು ಹುಡುಗರು ಬೇಲಿ ನುಸುಳಿ ನೀರಲ್ಲಿ ಕಾಲು ಇಳಿಬಿಟ್ಟಿದ್ದರು. ಕಾವಲುಗಾರ ಸೀಟಿ ಊದುತ್ತಾ ಓಡಿ ಬಂದು ಇಬ್ಬರನ್ನೂ ಅಟ್ಟಿದ. ಅಲ್ಲಿಂದ ಐವತ್ತು ಹೆಜ್ಜೆ ಆಚೆ, ಅದೇ ಬೇಲಿಯ ಕೆಳಗಿನಿಂದ ಒಂದು ದಪ್ಪ ಪೈಪು ಕಪ್ಪು ನೀರನ್ನು ನೊರೆ ಸಮೇತ ಸುರಿಯುತ್ತಿತ್ತು. ತೋರಿಸಿದೆ. ನೋಡಿದ, ಸೀಟಿಯನ್ನು ಜೇಬಿಗೆ ಹಾಕಿಕೊಂಡ.

"ಅದು ನಮ್ಮ ಡ್ಯೂಟಿ ಅಲ್ಲ ಸಾರ್" ಅಂದ.