ಬೆಳಿಗ್ಗೆ ಎಲೆ ಎದ್ದಿದೆಯೇ ನೋಡಿ

ಪ್ರಶ್ನೆ: ಮನೆ ಮುಂದಿನ ಬೇವಿನ ಸಸಿಗೆ ವರ್ಷದಿಂದ ದಿನಕ್ಕೊಂದು ಚೊಂಬು ನೀರು ಹಾಕುತ್ತಿದ್ದೇವೆ. ಎರಡು ದಿನ ತಪ್ಪಿದರೆ ಬಾಡುತ್ತದೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಬೇವಿಗೆ ಯಾರೂ ನೀರು ಹಾಕಿಲ್ಲ, ಬೇಸಿಗೆಯಲ್ಲೂ ಹಸಿರಾಗಿದೆ. ಗಿಡ ನೋಡಿ ಕಲಿಯಿರಿ ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಕಲಿಯುವುದು ಏನನ್ನು?
– ಓದುಗರು, ಚಳ್ಳಕೆರೆ

ಉತ್ತರ: ಚೊಂಬು ನೀರು ನಾಲ್ಕೈದು ಬೆರಳು ಆಳಕ್ಕಷ್ಟೇ ಇಳಿಯುತ್ತದೆ. ಬೇರೂ ಅಲ್ಲೇ ಹರಡುತ್ತದೆ, ಬಿಸಿಲಿಗೆ ಮೊದಲು ಒಣಗುವುದೂ ಅದೇ ಮಣ್ಣು. ಬದುವಿನ ಬೇವಿನ ತಾಯಿಬೇರು ತೇವ ಹುಡುಕುತ್ತ ಕೆಳಗಿಳಿದಿದೆ.

ಹಾಗೆಂದು ನೀರನ್ನು ಒಮ್ಮೆಲೇ ನಿಲ್ಲಿಸಬೇಡಿ, ಸಸಿ ಸಾಯುತ್ತದೆ. ಬುಡದಿಂದ ಒಂದೂವರೆ ಅಡಿ ದೂರದವರೆಗೆ ಪಾತಿ ಮಾಡಿ. ಮೊದಲು ಎರಡು ದಿನಕ್ಕೊಮ್ಮೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ, ತಿಂಗಳ ಹೊತ್ತಿಗೆ ವಾರಕ್ಕೊಮ್ಮೆ, ಪ್ರತಿ ಸಲ ಸುಮಾರು 20 ಲೀಟರ್ ನಿಧಾನವಾಗಿ ಇಂಗಿಸಿ. ನಿಮ್ಮೂರಲ್ಲಿ ಸಿಗುವ ಶೇಂಗಾ ಸಿಪ್ಪೆಯನ್ನೇ ಮೂರು ಬೆರಳು ದಪ್ಪ ಹರಡಿ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ಊರುಗೋಲಿಗೆ ಬಿಗಿದು ಕಟ್ಟಿದ್ದರೆ ಸಡಿಲಿಸಿ. ಗಾಳಿಗೆ ಅಲುಗಾಡಿದಷ್ಟೂ ಕಾಂಡ ಚೆನ್ನಾಗಿ ದಪ್ಪವಾಗುತ್ತದೆ.

ಮಧ್ಯಾಹ್ನ ಎಲೆ ಜೋತರೆ ಗಾಬರಿ ಬೇಡ. ಬೇರು ಹೀರುವುದಕ್ಕಿಂತ ಹೆಚ್ಚು ನೀರನ್ನು ಎಲೆ ಬಿಟ್ಟುಕೊಟ್ಟಾಗ ಹಾಗಾಗುತ್ತದೆ, ರಾತ್ರಿ ಸರಿಹೋಗುತ್ತದೆ. ಬೆಳಿಗ್ಗೆ ಆರಕ್ಕೂ ಜೋತೇ ಇದ್ದು ಮಣ್ಣೂ ಒಣಗಿದ್ದರೆ ವಾರ ಕಾಯದೆ ಆಗಲೇ ನೀರು ಕೊಡಿ.

ಮಕ್ಕಳ ವಿಷಯದಲ್ಲೂ ನೋಡಬೇಕಾದ್ದು ಇದನ್ನೇ. ಕಷ್ಟಪಟ್ಟರೆ ಗಟ್ಟಿಯಾಗುತ್ತಾರೆ ಎನ್ನುವುದು ಅರ್ಧ ಸತ್ಯ. ನಡುವೆ ಚೇತರಿಸಿಕೊಳ್ಳಲು ಬಿಡುವು ಸಿಕ್ಕ ಗಿಡ ಮಾತ್ರ ಗಟ್ಟಿಯಾಗುತ್ತದೆ. ಓದಿ ದಣಿದ ಮಗಳು ಬೆಳಿಗ್ಗೆ ಲವಲವಿಕೆಯಿಂದ ಎದ್ದರೆ ಆ ದಣಿವಿಗೆ ಹೆದರಬೇಕಿಲ್ಲ. ದಿನವೂ ಬಾಡಿದ ಮುಖದಲ್ಲೇ ಏಳುತ್ತಿದ್ದರೆ ಉಪದೇಶ ಬಿಟ್ಟು ಪಕ್ಕ ಕೂತು ಮಾತಾಡಿಸಿ, ವೈದ್ಯರಿಗೂ ತೋರಿಸಿ.

ಪ್ರಶ್ನೆ: ಗುಳಿ ತೋಡಿ ರಾಗಿ ಸಸಿ ನಾಟಿ ಮಾಡುವ ಗುಳಿ ರಾಗಿ ಪದ್ಧತಿಯಲ್ಲಿ ಪೈರಿನ ಮೇಲೆ ಕೊರಡು (ಮರದ ದಿಮ್ಮಿ) ಎಳೆಯುತ್ತಾರಂತೆ. ಪೈರು ಹಾಳಾಗುವುದಿಲ್ಲವೇ?
– ಓದುಗರು, ಜಗಳೂರು

ಉತ್ತರ: ಹೊತ್ತು ನೋಡಿ ಎಳೆದರೆ ಇಲ್ಲ. ನಾಟಿಯಾದ 15ರಿಂದ 45 ದಿನದೊಳಗೆ ಹಗುರ ಕೊರಡು ಎಳೆಯಬೇಕು. ಆಗ ಸುಳಿ, ಅಂದರೆ ಬೆಳೆಯುವ ತುದಿ, ಇನ್ನೂ ಬುಡದಲ್ಲೇ ಇರುವುದರಿಂದ ಪೈರು ಬಾಗುತ್ತದೆಯೇ ಹೊರತು ಸಾಯುವುದಿಲ್ಲ, ಬುಡದಿಂದ ತೆಂಡೆ (ಹೊಸ ಕವಲು) ಒಡೆಯುತ್ತದೆ. ಗುಳಿಯಿಂದ ಗುಳಿಗೆ ಒಂದೂವರೆ ಅಡಿ ಅಂತರವಿದ್ದರೆ ಆ ತೆಂಡೆಗಳಿಗೆ ಜಾಗ ಸಾಲುತ್ತದೆ. ಕಾಂಡ ಉದ್ದವಾಗಿ ತೆನೆ ಕಟ್ಟಲು ಶುರುವಾದ ಮೇಲೆ ಎಳೆದರೆ ಸುಳಿಯೇ ಮುರಿಯುತ್ತದೆ. ನೆಲದಲ್ಲಿ ಹದವಿಲ್ಲದಿದ್ದರೆ ಮಳೆ ಬರುವವರೆಗೂ ಕೊರಡು ಮುಟ್ಟಬೇಡಿ.